ಹಳೇ ರ‍್ಯಾಲೆ ಸೈಕಲ್‌ಗೆ ಬೀಗದ ಸ್ಕ್ಯೂವರ್ ಹಾಕಿಸಿದ ಎರಡೂವರೆ ತಿಂಗಳು

ಮುಂದಿನ ಚಕ್ರ ಇಲ್ಲದ ಸೈಕಲ್ ನೋಡಿದ ಕೂಡಲೇ ಕಳ್ಳತನ ಅಂತ ನನಗೆ ಹೊಳೆಯಲೇ ಇಲ್ಲ. ಪಂಕ್ಚರ್ ಹಾಕಿಸೋಕೆ ಯಾರೋ ಬಿಚ್ಚಿಕೊಂಡು ಹೋಗಿರಬೇಕು, ಈಗ ಬರ್ತಾರೆ ಅನ್ನಿಸಿತು. ಮೈಸೂರಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬರೋಕೆ ನನಗೆ ಬೇಕಾಗೋದು ಮುಕ್ಕಾಲು ಗಂಟೆ. ಗೇಟಿನ ಹೊರಗೆ, ಯಾವಾಗಲೂ ನಿಲ್ಲಿಸುವ ಜಾಗದಲ್ಲೇ, ಫ್ರೇಮು ಮತ್ತು ಹಿಂದಿನ ಚಕ್ರ ಸೇರಿಸಿ ಕಬ್ಬಿಣದ ಕಂಬಿಗೆ ಬೀಗ ಹಾಕಿ ಹೋಗಿದ್ದೆ. ಬೀಗ ಹಾಗೇ ಇತ್ತು. ಮುಂದಿನ ಚಕ್ರ ಹಿಡಿಯುವ ಫೋರ್ಕು ನೆಲಕ್ಕೆ ಊರಿಕೊಂಡು ನಿಂತಿತ್ತು. ಹತ್ತು ನಿಮಿಷ ಅಲ್ಲೇ ನಿಂತು ಕಾದೆ. ಆಮೇಲೆ ಅರ್ಥ ಆಯಿತು.

ಅದು ನನ್ನ ಸೋದರಮಾವನ ಸೈಕಲ್. ಓದೋಕೆ ಅಂತ ಲೀಡ್ಸ್‌ಗೆ ಹೋಗಿದ್ದವರು 1987ರಲ್ಲಿ ವಾಪಸ್ ಬರುವಾಗ ಹಡಗಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ನಮ್ಮಲ್ಲಿ ತುಂಬ ಜನ ನೋಡಿರುವ ಅಸನ್ಸೋಲ್‌ನ ಸೆನ್-ರ‍್ಯಾಲೆ ಅಲ್ಲ, ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು. ಸ್ಟೀಲ್ ಫ್ರೇಮ್, ಮುಂದೆ 2, ಹಿಂದೆ 6, ಒಟ್ಟು 12 ಗೇರು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೇ ಕೊಟ್ಟರು, ಅವರ ಮನೆಯಲ್ಲಿ ಬೇರೆ ಯಾರೂ ಸೈಕಲ್ ಹೊಡೆಯುತ್ತಿರಲಿಲ್ಲ. ಚಕ್ರ ಹೋದ ದಿನ ಅತ್ತೆಗೆ ಫೋನ್ ಮಾಡೋಕೆ ನನಗೆ ಧೈರ್ಯ ಬರಲಿಲ್ಲ. ಎರಡು ದಿನ ಬಿಟ್ಟು ಹೇಳಿದೆ. "ಹೋಗ್ಲಿ ಬಿಡು ಮಗಳೇ, ನೀನು ಬಿದ್ದು ಪೆಟ್ಟು ಮಾಡ್ಕೊಳ್ಳಲಿಲ್ವಲ್ಲ" ಅಂದರು. ಆ ಮಾತು ಕೇಳಿದ ಮೇಲೆ ಇನ್ನೂ ಜಾಸ್ತಿ ಬೇಜಾರಾಯಿತು.

ಎರಡು ಚಕ್ರಕ್ಕೂ ಕ್ವಿಕ್ ರಿಲೀಸ್ ಇತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಚಕ್ರದ ಆಕ್ಸಲ್ ಒಳಗೆ ಟೊಳ್ಳಾಗಿರುತ್ತದೆ, ಅದರೊಳಗೆ 5 ಮಿಲಿಮೀಟರ್ ದಪ್ಪದ ಒಂದು ಸಲಾಕೆ ಹೋಗುತ್ತದೆ, ಅದೇ ಸ್ಕ್ಯೂವರ್. ಒಂದು ತುದಿಯಲ್ಲಿ ಲಿವರ್, ಇನ್ನೊಂದು ತುದಿಯಲ್ಲಿ ನಟ್ಟು. ಲಿವರ್ ಮಡಚಿದರೆ ಫೋರ್ಕಿನ ಎರಡೂ ತುದಿಯನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಎತ್ತಿದರೆ ಬಿಡುತ್ತದೆ. ಸ್ಪ್ಯಾನರ್ ಬೇಕಿಲ್ಲ. ಇಟಲಿಯ ಟುಲ್ಲಿಯೋ ಕಂಪಾನ್ಯೋಲೊ 1927ರಲ್ಲಿ ಒಂದು ರೇಸಿನಲ್ಲಿ, ಹಿಮ ಬೀಳುತ್ತಿದ್ದ ಬೆಟ್ಟದ ಮೇಲೆ, ಕೈ ಮರಗಟ್ಟಿ ಚಕ್ರದ ನಟ್ಟು ಬಿಚ್ಚಲಾಗದೆ ಒದ್ದಾಡಿದ್ದರಿಂದ ಈ ಯೋಚನೆ ಹುಟ್ಟಿತು ಎಂಬ ಕಥೆ ಸೈಕಲ್ ಪ್ರಿಯರ ನಡುವೆ ಪ್ರಸಿದ್ಧ. ರೇಸಿನವರಿಗೆ ಅದು ನಿಜವಾಗಲೂ ದೊಡ್ಡ ಉಪಕಾರ. ಆದರೆ ಬೀದಿಯಲ್ಲಿ ನಿಲ್ಲಿಸುವ ಸೈಕಲ್‌ಗೆ ಹತ್ತು ಸೆಕೆಂಡಿನಲ್ಲಿ ಚಕ್ರ ಬಿಚ್ಚುವ ಅನುಕೂಲ ಎಲ್ಲರಿಗೂ ಸಿಗುತ್ತದೆ, ಕಳ್ಳನಿಗೂ.

ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕೂರಿಸಿ ಸಮಾಧಾನವಾಗಿ ಹೇಳಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳವಿಗೆ 303ನೇ ಕಲಂ, ಆದರೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಹೋದರೆ ಅದು ಪೊಲೀಸರು ತಾವಾಗಿಯೇ ತನಿಖೆ ಶುರು ಮಾಡುವ ಸಾಲಿಗೆ ಬರುವುದಿಲ್ಲ. ದೂರು ಬರೆದುಕೊಂಡು ಸ್ವೀಕೃತಿ ಕೊಡುತ್ತೇವೆ ಅಂದರು. ಬಿಲ್ ಇದೆಯಾ ಅಂತ ಕೇಳಿದರು. ನಲವತ್ತು ವರ್ಷದ ಹಿಂದಿನ ಇಂಗ್ಲೆಂಡಿನ ಬಿಲ್ಲು ಎಲ್ಲಿಂದ ತರಲಿ? ಸೈಕಲ್ ಜೊತೆ ನಾನು ನಿಂತಿರುವ ಎರಡು ಹಳೇ ಫೋಟೋ, ಫ್ರೇಮ್ ನಂಬರಿನ ಫೋಟೋ, ಆಧಾರ್ ಜೆರಾಕ್ಸ್ ಕೊಟ್ಟೆ. ಒಂದೂವರೆ ಗಂಟೆ ಹಿಡಿಯಿತು. ಇದನ್ನು ಓದುತ್ತಿರುವ ನೀವು ಇವತ್ತೇ ಒಂದು ಕೆಲಸ ಮಾಡಿ. ಸೈಕಲ್ ತಲೆಕೆಳಗೆ ಮಾಡಿ, ಪೆಡಲ್ ಆಕ್ಸಲ್ ಇರುವ ಜಾಗದ ಅಡಿಯಲ್ಲಿ ಅಥವಾ ಸೀಟಿನ ಕೊಳವೆಯ ಮೇಲೆ ಕೊರೆದಿರುವ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಜೊತೆಗೆ ಎರಡೂ ಚಕ್ರದ ನಡುವೆ ಕಡ್ಡಿಗಳು ಬಂದು ಸೇರುವ ಹಬ್‌ನದ್ದೂ ಹತ್ತಿರದಿಂದ ಒಂದೊಂದು. ನನ್ನ ಹತ್ತಿರ ಹಬ್‌ನ ಫೋಟೋ ಇರಲಿಲ್ಲ. ಕಳೆದದ್ದು ಹೇಗಿತ್ತು ಅಂತ ಬರೆಯುವಾಗ "ಬೆಳ್ಳಿ ಬಣ್ಣ, ಹಳೆಯದು" ಅನ್ನೋದು ಬಿಟ್ಟು ಇನ್ನೇನೂ ಬರೆಯಲು ಆಗಲಿಲ್ಲ.

ಬೇರೆ ಚಕ್ರ ಹುಡುಕೋದು ಮೊದಲ ಕೆಲಸ ಆಯಿತು. ಹಳೇದು 27 ಇಂಚಿನದು, ಅಂದರೆ ರಿಮ್ಮಿನ ಮೇಲೆ ಟೈರ್ ಕೂರುವ ವ್ಯಾಸ 630 ಮಿಲಿಮೀಟರ್. ಈಗ ಎಲ್ಲ ಕಡೆ ಸಿಗೋದು 700ಸಿ, ಅದು 622. ವ್ಯತ್ಯಾಸ 8 ಮಿಲಿಮೀಟರ್, ಅಂದರೆ ರಿಮ್ಮು ಅದನ್ನು ಒತ್ತುವ ರಬ್ಬರ್ ಬ್ರೇಕ್ ಕಟ್ಟೆಯಿಂದ 4 ಮಿಲಿಮೀಟರ್ ಕೆಳಗೆ ಬರುತ್ತದೆ. ಬ್ರೇಕಿನ ತೋಳಿನಲ್ಲಿ ಉದ್ದದ ಸೀಳು ಇದ್ದು ಕಟ್ಟೆಯನ್ನು ಅಷ್ಟು ಕೆಳಗಿಳಿಸಲು ಆದರೆ ಹೊಂದುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮದರಲ್ಲಿ ಸೀಳಿನ ಕೊನೆಗೆ ಹೋಗಿ ಸರಿಯಾಗಿ ಕೂತಿತು. ಬೆಂಗಳೂರಿನ ಒಬ್ಬರ ಹತ್ತಿರ ಬಳಸಿದ 700ಸಿ ಚಕ್ರ 1,800 ರೂಪಾಯಿಗೆ ಸಿಕ್ಕಿತು. ಕೆಎಸ್‌ಆರ್‌ಟಿಸಿ ಕಾರ್ಗೋದಲ್ಲಿ ಹಾಕಿಸಿದರು, 110 ರೂಪಾಯಿ. ಸ್ಕ್ಯೂವರ್ ಇರಲಿಲ್ಲ, ಬೇಡ ಅಂತ ನಾನೇ ಹೇಳಿದ್ದೆ. ಇನ್ನು ಮೇಲೆ ಲಿವರ್ ಇರುವ ಸ್ಕ್ಯೂವರ್ ಹಾಕಬಾರದು ಅಂತ ತೀರ್ಮಾನ ಮಾಡಿಯಾಗಿತ್ತು.

ಬೀಗದ ಸ್ಕ್ಯೂವರ್ ಅಂದರೆ ಒಂದೇ ತರಹದ್ದಲ್ಲ. ಕಡಿಮೆ ಬೆಲೆಯದು ಲಿವರ್ ಬದಲು 5 ಮಿಲಿಮೀಟರ್ ಅಲೆನ್ ಕೀ (ಆರು ಮೂಲೆಯ ಬಾಗಿದ ಸಲಾಕೆ) ಹಾಕಿ ತಿರುಗಿಸುವಂಥದ್ದು. ಅಲೆನ್ ಕೀ ಇರುವ ಯಾರಾದರೂ ಬಿಚ್ಚಬಹುದು, ಆದರೆ ಬರಿಗೈಯಲ್ಲಿ ಬಂದವನು ಬಿಚ್ಚಲಾರ. ಆರು ಮೂಲೆಯ ಬದಲು ಐದು ಮೂಲೆ ಇರುವುದು ಅದಕ್ಕಿಂತ ಸ್ವಲ್ಪ ಮೇಲು. ಅಬುಸ್ ನಟ್‌ಫಿಕ್ಸ್, ಕ್ರಿಪ್ಟೊನೈಟ್ ವೀಲ್‌ನಟ್ಜ್ ತರಹದವು ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತವೆ. ಕೀಲಿಯೇ ಬೇಡ, ಆದರೆ ಸೈಕಲ್ ಮಲಗಿಸಲು ಆಗದ ಹಾಗೆ ನೆಟ್ಟಗೆ ಕಟ್ಟಿರಬೇಕು. ಹೆಕ್ಸ್‌ಲಾಕ್ಸ್ ಅನ್ನೋದು ಅಲೆನ್ ಬೋಲ್ಟಿನ ತೂತಿನೊಳಗೆ ಅಯಸ್ಕಾಂತದಿಂದ ಕೂರುವ ಒಂದು ಚಿಕ್ಕ ಮುಚ್ಚಳ. ಪಿನ್‌ಹೆಡ್, ಪಿಟ್‌ಲಾಕ್ ತರಹದವುಗಳಲ್ಲಿ ನಟ್ಟಿಗೇ ಒಂದೊಂದು ಕೋಡ್ ಇರುತ್ತದೆ, ಅದಕ್ಕೆ ಹೊಂದುವ ಕೀಲಿ ಇಲ್ಲದೆ ತಿರುಗುವುದಿಲ್ಲ. ಇವೆಲ್ಲ ಓದಿ ತಲೆ ತುಂಬಿಸಿಕೊಂಡ ನಾನು, ಸದ್ಯಕ್ಕೆ ಅಲೆನ್ ಕೀ ಸಾಕು, ನಮ್ಮೂರಲ್ಲಿ ಜೇಬಲ್ಲಿ ಅಲೆನ್ ಕೀ ಇಟ್ಟುಕೊಂಡು ಓಡಾಡೋರು ಎಷ್ಟು ಜನ, ಅಂತ ಯೋಚಿಸಿ 480 ರೂಪಾಯಿಗೆ ಒಂದು ಜೊತೆ ಆನ್‌ಲೈನ್‌ನಲ್ಲಿ ತರಿಸಿದೆ. ಮೂರು ದಿನಕ್ಕೆ ಬಂತು. ಡಬ್ಬದ ಮೇಲೆ "ಎಲ್ಲ ಸೈಕಲ್‌ಗೂ ಹೊಂದುತ್ತದೆ" ಅಂತ ಇತ್ತು. ಹಳೇ ಸೈಕಲ್ ಇರುವವರು ಆ ಮಾತನ್ನು ನಂಬಬೇಡಿ.

ಮೊದಲು ಮುಂದಿನ ಚಕ್ರ. ಸ್ಕ್ಯೂವರ್ ತೂರಿಸಿದೆ, ಅಲೆನ್ ಕೀ ಹಾಕಿ ಕೈ ನೋಯುವಷ್ಟು ಬಿಗಿ ಮಾಡಿದೆ. ಚಕ್ರ ಹಿಡಿದು ಅಲ್ಲಾಡಿಸಿದರೆ ಫೋರ್ಕಿನಲ್ಲಿ ಟಕ್ ಟಕ್ ಅನ್ನುತ್ತಿತ್ತು. ಬೇರಿಂಗ್ ಸಡಿಲ ಅಂದುಕೊಂಡು ಒಂದು ಸಂಜೆ ಪೂರ್ತಿ ಕೋನ್ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಬಿಗಿ ಮಾಡೋದರಲ್ಲೇ ಕಳೆದೆ. ಕೊನೆಗೆ ಅಗ್ರಹಾರದ ಹತ್ತಿರ ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಸುತ್ತಮುತ್ತಲಿನವರೆಲ್ಲ ಅವರನ್ನು ತಾತ ಅಂತಲೇ ಕರೆಯೋದು. ಅವರು ಸ್ಕ್ಯೂವರ್ ಪೂರ್ತಿ ತೆಗೆದು ಚಕ್ರವನ್ನು ಫೋರ್ಕಿನಲ್ಲಿ ಸುಮ್ನೆ ಕೂರಿಸಿದರು. ಆಕ್ಸಲ್ ತುದಿಯ ಮೇಲೆ ಹೆಬ್ಬೆರಳಿಟ್ಟು ಸವರಿದರು. "ಕೈ ಇಡಿ ತಾಯಿ ಇಲ್ಲಿ. ತಗುಲ್ತಾ?" ಅಂದರು.

ತಗುಲಿತು. ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಸೀಳಿಗೆ ಡ್ರಾಪ್‌ಔಟ್ ಅಂತಾರೆ. ಆಕ್ಸಲ್ಲಿನ ತುದಿ ಅದರೊಳಗೇ ನಿಲ್ಲಬೇಕು, ಹೊರಗೆ ಬರಬಾರದು. ನಮ್ಮದರಲ್ಲಿ ಡ್ರಾಪ್‌ಔಟ್ ದಪ್ಪ 4 ಮಿಲಿಮೀಟರ್. ಹೊಸದಾಗಿ ಬಂದ ಚಕ್ರದ ಆಕ್ಸಲ್ ಉದ್ದ 110, ಹಬ್‌ನ ಎರಡು ತುದಿಯಲ್ಲಿ ಕೋನ್ ಸಡಿಲ ಆಗದ ಹಾಗೆ ಹಿಡಿಯುವ ಲಾಕ್‌ನಟ್ ನಡುವೆ 100, ಅಂದರೆ ಒಂದೊಂದು ಕಡೆ 5 ಮಿಲಿಮೀಟರ್ ಚಾಚಿಕೊಂಡಿದೆ. ಒಂದೇ ಒಂದು ಮಿಲಿಮೀಟರ್ ಹೊರಗೆ. ಆ ಒಂದು ಮಿಲಿಮೀಟರಿನಿಂದಾಗಿ ಸ್ಕ್ಯೂವರ್ ಹಿಡಿಯುತ್ತಿದ್ದುದು ಫೋರ್ಕನ್ನಲ್ಲ, ಆಕ್ಸಲ್ಲಿನ ತುದಿಯನ್ನು. ಎಷ್ಟು ಬಿಗಿ ಮಾಡಿದರೂ ಚಕ್ರ ಫೋರ್ಕಿಗೆ ಅಂಟುವುದೇ ಇಲ್ಲ. ಇದನ್ನು ತಿಳಿದ ಮೇಲೆ ನನಗೆ ನಿಜವಾಗಲೂ ಭಯ ಆಯಿತು. ಈಗಿನ ಫೋರ್ಕುಗಳಲ್ಲಿ ಡ್ರಾಪ್‌ಔಟ್ ತುದಿಗೆ ಒಂದು ಸಣ್ಣ ಅಂಚು ಇರುತ್ತದೆ, ಸ್ಕ್ಯೂವರ್ ಸಡಿಲ ಆದರೂ ಚಕ್ರ ಕೂಡಲೇ ಕಳಚಿ ಬೀಳದ ಹಾಗೆ. ಹಳೇ ಫೋರ್ಕಿನಲ್ಲಿ ಅದಿಲ್ಲ. ಸಡಿಲ ಆಗಿದ್ದು ಗೊತ್ತಾಗದೆ ರಸ್ತೆಗುಬ್ಬದ ಮೇಲೆ ಹ್ಯಾಂಡಲ್ ಎತ್ತಿದ್ದರೆ ಚಕ್ರ ಅಲ್ಲೇ ಉಳಿಯುತ್ತಿತ್ತು.

ತಾತ ಆಕ್ಸಲ್ ಹೊರಗೆ ತೆಗೆದೇ ಕೆಲಸ ಮಾಡಿದರು. ಚಕ್ರದಲ್ಲೇ ಇಟ್ಟುಕೊಂಡು ಅರ ಹಾಕಿದರೆ ಕಬ್ಬಿಣದ ಪುಡಿ ಬೇರಿಂಗ್ ಒಳಗೆ ಹೋಗುತ್ತದೆ, ಆಮೇಲೆ ಅದೇ ಗುಂಡುಗಳನ್ನು ತಿನ್ನುತ್ತದೆ. ಇನ್ನೊಂದು ಕಸುಬಿನ ಗುಟ್ಟು ಅವರಿಂದ ಕಲಿತೆ. ಹ್ಯಾಕ್ಸಾ ಹಾಕುವ ಮುಂಚೆ ಆಕ್ಸಲ್ಲಿಗೆ ಎರಡು ನಟ್ಟು ಹಾಕಿ, ಕತ್ತರಿಸಿ ಅರದಿಂದ ತುದಿ ನಯ ಮಾಡಿದ ಮೇಲೆ ಆ ನಟ್ಟುಗಳನ್ನು ಅದೇ ತುದಿಯಿಂದ ತಿರುಗಿಸಿ ಹೊರಗೆ ತೆಗೆಯಬೇಕು. ಕತ್ತರಿಸುವಾಗ ಕೆಟ್ಟ ಥ್ರೆಡ್ ಅದರಿಂದಲೇ ಸರಿಯಾಗುತ್ತದೆ. ಎರಡೂ ಕಡೆ 2 ಮಿಲಿಮೀಟರ್ ತೆಗೆದು 106ಕ್ಕೆ ತಂದರು. ಈಗ ಆಕ್ಸಲ್ ತುದಿ ಡ್ರಾಪ್‌ಔಟ್ ಒಳಗೆ 1 ಮಿಲಿಮೀಟರ್ ಹಿಂದಕ್ಕೆ ನಿಂತಿದೆ. ಹೇಗೂ ಬಿಚ್ಚಿದ್ದೀವಲ್ಲ ಅಂತ ಒಂದೊಂದು ಕಡೆ 10ರಂತೆ ಹೊಸ ಗುಂಡು, ಹೊಸ ಗ್ರೀಸು. ಕೋನ್ ಬಿಗಿ ಮಾಡುವಾಗ ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟರು. ಯಾಕೆ ಅಂತ ಕೇಳಿದೆ. ಸ್ಕ್ಯೂವರ್ ಬಿಗಿ ಮಾಡಿದಾಗ ಟೊಳ್ಳು ಆಕ್ಸಲ್ ಸ್ವಲ್ಪ ಒತ್ತಿಕೊಳ್ಳುತ್ತದೆ, ಆಗ ಆ ಸಡಿಲ ಹೋಗಿ ಸರಿಯಾಗುತ್ತದೆ. ಮೊದಲೇ ಸರಿಯಾಗಿ ಬಿಗಿ ಮಾಡಿಟ್ಟರೆ ಆಮೇಲೆ ಜಾಸ್ತಿ ಬಿಗಿಯಾಗಿ ಬೇರಿಂಗ್ ಹಾಳಾಗುತ್ತದೆ.

ಈ ಕೆಲಸಕ್ಕೆ ಬೇಕಾದ 13 ಮತ್ತು 15ರ ತೆಳು ಕೋನ್ ಸ್ಪ್ಯಾನರ್‌ಗಳು ಮಾವನ ಬಿಸ್ಕೆಟ್ ಡಬ್ಬಿಯಲ್ಲೇ ಇದ್ದವು. ಅತ್ತೆ ಸೈಕಲ್ ಜೊತೆ ಕೊಟ್ಟಿದ್ದ ಡಬ್ಬಿ. ಅವು ಯಾತಕ್ಕೆ ಅಂತ ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ. ಹಿಡಿಯ ಮೇಲೆ ಮಾವ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದರು, ಬೇರೆಯವರ ಸಾಮಾನಿನ ಜೊತೆ ಸೇರಿಹೋಗದಿರಲಿ ಅಂತ ಇರಬೇಕು. ತಾತ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇಟ್ಕೊಂಡಿದ್ದ ಮನುಷ್ಯ ಕೆಲಸ ಗೊತ್ತಿದ್ದೋರು" ಅಂದರು. ನನಗೆ ಆವತ್ತು ಅಷ್ಟೇ ಸಾಕಾಗಿತ್ತು.

ಹಿಂದಿನ ಚಕ್ರದ ಕಥೆ ಬೇರೆ. ಅಲ್ಲಿ ಆಕ್ಸಲ್ ಸರಿ ಇತ್ತು, ಸ್ಕ್ಯೂವರ್ ಉದ್ದ ಆಯಿತು. ಈಗಿನ ಸೈಕಲ್‌ಗಳಲ್ಲಿ ಹಿಂದಿನ ಫ್ರೇಮಿನ ಒಳ ಅಗಲ ಸಾಮಾನ್ಯವಾಗಿ 130 ಅಥವಾ 135 ಮಿಲಿಮೀಟರ್. 6 ಗೇರಿನ ಕಾಲದ್ದು 126. ಡಬ್ಬದಲ್ಲಿ ಬಂದಿದ್ದು 135ರದ್ದು. ತೂರಿಸಿದಾಗ ಸಲಾಕೆ ಆ ಕಡೆ ಒಂದು ಬೆರಳು ಅಗಲ ಜಾಸ್ತಿ ಹೊರಗೆ ಬಂತು. ನಟ್ಟು ತಿರುಗಿಸುತ್ತಾ ಹೋದೆ, ಗಟ್ಟಿಯಾಗಿ ನಿಂತಿತು, ಬಿಗಿಯಾಯಿತು ಅಂದುಕೊಂಡೆ. ಅದು ಫ್ರೇಮನ್ನು ಹಿಡಿದು ನಿಂತಿದ್ದಲ್ಲ, ಥ್ರೆಡ್ ಮುಗಿದು ನಿಂತಿದ್ದು! ಕೈಯಲ್ಲಿ ಎರಡೂ ಒಂದೇ ತರಹ ಅನ್ನಿಸುತ್ತದೆ. ಅದಕ್ಕೇ ಬಿಗಿ ಮಾಡಿದ ಮೇಲೆ ನಟ್ಟಿಗೂ ಫ್ರೇಮಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ ನೋಡಿ. ತೂರಿದರೆ ಹಿಡಿದಿಲ್ಲ ಅಂತ ಅರ್ಥ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿನಲ್ಲಿ 10 ಮಿಲಿಮೀಟರ್ ಹೊಸ ಥ್ರೆಡ್ ಹೊಡೆಸಿ, ತುದಿಯಿಂದ ಅಷ್ಟೇ ಕತ್ತರಿಸಿಸಿದೆ. ಎಂ5, ಥ್ರೆಡ್ಡಿನ ಅಂತರ 0.8 ಅಂತ ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಸ್ಕ್ಯೂವರ್ ಜೊತೆಗೆ ಅದರ ನಟ್ಟನ್ನೂ ಕೊಡಿ, ಹಾಕಿ ನೋಡಿಯೇ ಕೊಡಲಿ. 150 ರೂಪಾಯಿ ಆಯಿತು. ಚಿಕ್ಕ ಕೆಲಸ ಅಂತ ಎರಡು ಸಲ ನಾಳೆ ಬನ್ನಿ ಅಂದರು, ಮೂರನೇ ದಿನ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷದಲ್ಲಿ ಮುಗಿಯಿತು.

ಎಲ್ಲ ಆಯಿತು ಅಂದುಕೊಂಡು ಫೆಬ್ರವರಿ ಮೊದಲ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೊರಟೆ. ಬೆಳಗ್ಗೆ ಐದೂಮುಕ್ಕಾಲು. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ, ಸೀಟಿನಿಂದ ಎದ್ದು ನಿಂತು ಪೆಡಲ್ ಒತ್ತಿದೆ. ಟಣ್ ಅಂತ ಸದ್ದು. ಸೈಕಲ್ ಗಕ್ಕನೆ ನಿಂತಿತು. ಹಿಂದಿನ ಚಕ್ರ ಓರೆಯಾಗಿ ತಿರುಗಿ ಟೈರು ಎಡಗಡೆ ಫ್ರೇಮಿಗೆ ಒತ್ತಿಕೊಂಡಿತ್ತು. ಕೆಳಗೆ ಬೀಳದೆ ಕಾಲು ಊರಿದ್ದು ಪುಣ್ಯ. ನೇರ ಮಾಡಿ, ಅಲೆನ್ ಕೀಯಿಂದ ಇನ್ನೂ ಬಿಗಿ ಮಾಡಿ ಹತ್ತಿದೆ. ನೂರು ಮೀಟರ್ ಹೋಗಲಿಲ್ಲ, ಮತ್ತೆ ಅದೇ. ಅಲ್ಲಿಂದ ತಳ್ಳಿಕೊಂಡು ಇಳಿದೆ. ಮೇಲಕ್ಕೆ ಹೋಗುತ್ತಿದ್ದ ಹುಡುಗರಿಬ್ಬರು ನಿಲ್ಲಿಸಿ "ಅಕ್ಕಾ, ಏನಾದ್ರೂ ಬೇಕಾ?" ಅಂತ ಕೇಳಿದರು. ಅವರ ಸೈಕಲ್ಲಿನ ಹಿಂದಿನ ಡ್ರಾಪ್‌ಔಟ್ ನೋಡಿದಾಗಲೇ ಕಾರಣ ಹೊಳೆದದ್ದು.

ಈಗಿನ ಸೈಕಲ್‌ಗಳಲ್ಲಿ ಹಿಂದಿನ ಡ್ರಾಪ್‌ಔಟ್ ಸೀಳು ಕೆಳಮುಖವಾಗಿ, ನೆಟ್ಟಗೆ ಇರುತ್ತದೆ. ಚೈನು ಮುಂದಕ್ಕೆ ಎಳೆದರೂ ಆಕ್ಸಲ್ ಲೋಹದ ಗೋಡೆಗೆ ಒರಗಿಕೊಂಡು ನಿಲ್ಲುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಹಳೇ ಸೈಕಲ್‌ಗಳಲ್ಲಿ ಆ ಸೀಳು ಮುಂದಕ್ಕೆ ಅಡ್ಡಡ್ಡ ಇರುತ್ತದೆ. ಚೈನು ಬಲಗಡೆಯಿಂದ ಎಳೆಯುತ್ತದೆ, ಆಕ್ಸಲ್ಲಿನ ಬಲತುದಿ ಮುಂದಕ್ಕೆ ಜಾರುತ್ತದೆ, ಚಕ್ರದ ಮುಂಭಾಗ ಎಡಕ್ಕೆ ತಿರುಗುತ್ತದೆ. ಅದನ್ನು ತಡೆಯೋದು ಸ್ಕ್ಯೂವರಿನ ಹಿಡಿತ ಒಂದೇ. ಹಳೇ ಕಾಲದ ಕ್ವಿಕ್ ರಿಲೀಸ್‌ಗಳಲ್ಲಿ ಲಿವರ್ ಮಡಚಿದಾಗ ಬಿಗಿ ಮಾಡುವ ಸ್ಟೀಲಿನ ತಿರುಗುಣಿ ಒಳಗೇ ಮುಚ್ಚಿರುತ್ತದೆ, ಫ್ರೇಮಿಗೆ ತಾಗುವ ಮುಖದಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ, ಅದಕ್ಕೇ ಅವು ಅಷ್ಟು ಗಟ್ಟಿ ಹಿಡಿಯುತ್ತಿದ್ದವು. ನಾನು ತಂದ ಅಗ್ಗದ ಸ್ಕ್ಯೂವರಿನ ಮುಖ ಅಲ್ಯೂಮಿನಿಯಂ, ನುಣ್ಣಗೆ ಇತ್ತು. ಮಾವನ ಕಾಲದ ಸ್ಕ್ಯೂವರ್ ಮೂವತ್ತೈದು ವರ್ಷ ಒಂದು ಸಲವೂ ಜಾರಿರಲಿಲ್ಲ. ಹಾಗಾಗಿ ಹಳೇ ಸೈಕಲ್‌ಗೆ ಬೀಗದ ಸ್ಕ್ಯೂವರ್ ಕೊಳ್ಳುವವರು ಬೀಗ ಎಷ್ಟು ಗಟ್ಟಿ ಅಂತ ಕೇಳುವ ಮುಂಚೆ, ಹಿಂದಿನ ಚಕ್ರದ್ದು ಸ್ಟೀಲ್ ಮುಖವಾ, ಹಲ್ಲು ಇದೆಯಾ ಅಂತ ಕೇಳಿ. ಕಳ್ಳನಿಗಿಂತ ಮೊದಲು ಸವಾರರ ಜೀವದ ವಿಷಯ ಅದು.

ಅವತ್ತೇ ಮಾವನ ಹಳೇ ಸ್ಕ್ಯೂವರನ್ನು ಹಿಂದಕ್ಕೆ ವಾಪಸ್ ಹಾಕಿದೆ. ಬೀಗ ಇಲ್ಲದ್ದಕ್ಕೆ ಒಂದು ಉಪಾಯ ಮಾಡಿದೆ. ನೀರಿನ ಪೈಪಿಗೆ ಹಾಕುವ ಸ್ಟೀಲಿನ ಹೋಸ್ ಕ್ಲ್ಯಾಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ 40 ರೂಪಾಯಿಗೆ ಸಿಗುತ್ತದೆ. ಲಿವರ್ ಮಡಚಿದ ಮೇಲೆ ಲಿವರನ್ನೂ ಫ್ರೇಮಿನ ಕೊಳವೆಯನ್ನೂ ಸೇರಿಸಿ ಅದರಿಂದ ಸ್ಕ್ರೂಡ್ರೈವರ್ ಹಾಕಿ ಬಿಗಿ ಮಾಡಿ, ಅಡಿಗೆ ಹಳೇ ಟ್ಯೂಬಿನ ತುಂಡು ಇಟ್ಟರೆ ಬಣ್ಣ ಹೋಗುವುದಿಲ್ಲ. ಸ್ಕ್ರೂಡ್ರೈವರ್ ಇಲ್ಲದೆ ಲಿವರ್ ಎತ್ತಲು ಆಗುವುದಿಲ್ಲ. ದುಡ್ಡು ಜಾಸ್ತಿ ಹಾಕಲು ಆಗದವರಿಗೆ ಇದು ಕೆಟ್ಟ ದಾರಿಯಲ್ಲ, ಸುಮಾರು ಒಂದು ತಿಂಗಳು ನಾನು ಇದರಲ್ಲೇ ಓಡಾಡಿದೆ.

ಕೋಡ್ ಕೀಲಿಯ ಸೆಟ್ಟನ್ನೇ ತರಿಸೋಣ ಅಂತ ಮನಸ್ಸು ಮಾಡಿದ್ದು ಆಮೇಲೆ. ಹೊರದೇಶದ ಅಂಗಡಿ. ಆರ್ಡರ್ ಮಾಡುವ ಮುಂಚೆ ಅಳತೆಗಳನ್ನೆಲ್ಲ ಬರೆದು ಅವರಿಗೆ ಇಮೇಲ್ ಹಾಕಿದೆ. ಹಿಂದೆ 126, ಡ್ರಾಪ್‌ಔಟ್ ದಪ್ಪ ಇಷ್ಟು, ಅಡ್ಡ ಸೀಳು, ಸ್ಟೀಲ್ ಮುಖ ಬೇಕು. ಎರಡು ದಿನಕ್ಕೆ ಉತ್ತರ ಬಂತು, 130ರ ಸಲಾಕೆಯಲ್ಲಿ ಥ್ರೆಡ್ ಉದ್ದ ಇದೆ, ನಿಮ್ಮದಕ್ಕೆ ಸಾಕಾಗುತ್ತದೆ ಅಂತ. ಹೆಚ್ಚುವರಿ ಕೀಲಿ ಒಂದು, ಸಾಗಣೆ ಖರ್ಚು ಎಲ್ಲ ಸೇರಿ 6,200 ರೂಪಾಯಿ. ಅಮ್ಮ ಕೇಳಿದರು, "ಆ ದುಡ್ಡಿಗೆ ಒಂದು ಹೊಸ ಸೈಕಲ್ಲೇ ಬರ್ತಿತ್ತಲ್ಲೇ". ಬರುತ್ತಿತ್ತು. ಆದರೆ ಅದು ಮಾವನದ್ದಾಗಿರುತ್ತಿರಲಿಲ್ಲ. ಅಷ್ಟು ಹೇಳಿದ್ದಕ್ಕೆ ತಮ್ಮನ ಸೈಕಲ್ ಅಲ್ವಾ, ಅಮ್ಮ ಮತ್ತೆ ಏನೂ ಅನ್ನಲಿಲ್ಲ.

ಬರೋಕೆ 31 ದಿನ ಹಿಡಿಯಿತು. ಅದರಲ್ಲಿ 12 ದಿನ ಕಸ್ಟಮ್ಸ್ ಹಂತದಲ್ಲಿ ನಿಂತಿತ್ತು. ಟ್ರ್ಯಾಕಿಂಗ್‌ನಲ್ಲಿ ಒಂದೇ ಸಾಲು ದಿನಾ ಕಾಣಿಸುತ್ತಿತ್ತು, ಬೆಳಗ್ಗೆ ಎದ್ದ ಕೂಡಲೇ ಅದನ್ನೇ ನೋಡೋದು. ಆಮೇಲೆ ಗುರುತಿನ ದಾಖಲೆ ಮತ್ತು ಬಿಲ್ಲು ಕೇಳಿ ಪತ್ರ ಬಂತು. ಆಧಾರ್ ಪ್ರತಿ, ಅಂಗಡಿಯ ಇನ್‌ವಾಯ್ಸ್, ಬ್ಯಾಂಕಿನಿಂದ ದುಡ್ಡು ಹೋದ ಸಾಲಿನ ಪ್ರತಿ ಕಳಿಸಿದೆ. ಇವು ಮೂರನ್ನೂ ಆರ್ಡರ್ ಮಾಡಿದ ದಿನವೇ ಒಂದು ಕಡೆ ಇಟ್ಟುಕೊಳ್ಳಿ, ಕೇಳಿದ ದಿನವೇ ಕಳಿಸಬಹುದು. ನಾನು ಇನ್‌ವಾಯ್ಸ್ ಹುಡುಕಿ ಮತ್ತೆ ಅಂಗಡಿಯವರಿಗೆ ಬರೆದು ತರಿಸಿಕೊಳ್ಳುವಷ್ಟರಲ್ಲಿ ನಾಲ್ಕು ದಿನ ಹೋಯಿತು. ಸುಂಕ 2,610 ರೂಪಾಯಿ, ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲಿ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಸುಂಕ ಇಷ್ಟು ಜಾಸ್ತಿ ಬೀಳುತ್ತದೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಊರಿಗೆ ಬರುವ ನೆಂಟರು ಯಾರಾದರೂ ಹೊರದೇಶದಲ್ಲಿದ್ದರೆ ಅವರ ಕೈಲೇ ತರಿಸಿಕೊಳ್ಳೋದು ವಾಸಿ. ಅಂಗೈ ಮೇಲೆ ಇಡುವಷ್ಟು ಚಿಕ್ಕ ಸಾಮಾನು.

ಯುಗಾದಿಗೆ ಮೂರು ದಿನ ಮುಂಚೆ ತಾತನ ಅಂಗಡಿಯಲ್ಲಿ ಹಾಕಿದೆವು. ಈ ಸಲ ನಾನೇ ಕೈ ಹಾಕಿದೆ, ಅವರು ಪಕ್ಕದಲ್ಲಿ ಕೂತು ಹೇಳಿದರು. ಹಾಕುವ ಮುಂಚೆ ಅವರು ಡ್ರಾಪ್‌ಔಟ್ ಮೇಲೆ ಉಗುರಿನಿಂದ ಕೆರೆದು ತೋರಿಸಿದರು. ತೊಂಬತ್ತರ ದಶಕದಲ್ಲಿ ಮಾವ ಸೈಕಲ್‌ಗೆ ಮತ್ತೆ ಬಣ್ಣ ಹೊಡೆಸಿದ್ದರು, ದಪ್ಪ ಎನಾಮೆಲ್. ಬಣ್ಣದ ಮೇಲೆ ಸ್ಕ್ಯೂವರ್ ಬಿಗಿ ಮಾಡಿದರೆ ಬಣ್ಣ ನಿಧಾನವಾಗಿ ಒತ್ತಿ ಪುಡಿಯಾಗುತ್ತದೆ, ಹಿಡಿತ ಸಡಿಲ ಆಗುತ್ತದೆ. ಸ್ಕ್ಯೂವರ್ ಮುಖ ಕೂರುವ ಜಾಗದಷ್ಟು ಮಾತ್ರ ಎಮರಿ ಪೇಪರಿನಿಂದ ಉಜ್ಜಿ ಸ್ಟೀಲ್ ಕಾಣುವ ಹಾಗೆ ಮಾಡಿದೆವು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಜೋಡಣೆ. ಗ್ರೀಸು ಸಲಾಕೆಗೆ ಮತ್ತು ಥ್ರೆಡ್ಡಿಗೆ ಮಾತ್ರ. ಫ್ರೇಮಿಗೆ ತಾಗುವ ಮುಖಕ್ಕೆ ಒಂದು ಚುಕ್ಕೆಯೂ ಬೀಳಬಾರದು, ಬಿದ್ದರೆ ಮತ್ತೆ ಜಾರುತ್ತದೆ. ನಟ್ಟು ಕೈಯಲ್ಲೇ ಕನಿಷ್ಠ ಐದಾರು ಸುತ್ತು ಹೋಗಬೇಕು, ಅಷ್ಟು ಥ್ರೆಡ್ ಒಳಗಿದ್ದರೇ ನಂಬಿಕೆ. ಕೊನೆಗೆ ಕೀಲಿ ಹಾಕಿ ಬಿಗಿ, ಸೆಟ್ಟಿನ ಜೊತೆ ಬಂದ ಚೀಟಿಯಲ್ಲಿ ಹೇಳಿದಷ್ಟು. ಸೈಕಲ್ಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಬಿಗಿ ಮಾಡಿ, ತಲೆಕೆಳಗೆ ಇಟ್ಟು ಅಲ್ಲ. ಭಾರ ಬಿದ್ದಾಗ ಆಕ್ಸಲ್ ಡ್ರಾಪ್‌ಔಟ್ ಒಳಗೆ ಸರಿಯಾಗಿ ಕೂರುತ್ತದೆ.

ತಾತ ನಾಲ್ಕು ಸಲ ಕೂತು ಮಾಡಿದ ಕೆಲಸಕ್ಕೆ 300 ರೂಪಾಯಿಗಿಂತ ಜಾಸ್ತಿ ತಗೊಳ್ಳಲಿಲ್ಲ. ಚಕ್ರ, ಕಾರ್ಗೋ, ಟೈರು 650, ಟ್ಯೂಬು 250, ಅಲೆನ್ ಸ್ಕ್ಯೂವರ್, ಲೇತ್, ಕ್ಲ್ಯಾಂಪ್, ಗುಂಡು ಮತ್ತು ಗ್ರೀಸು 90, ಕೋಡ್ ಸೆಟ್ಟು, ಸುಂಕ, ಕೂಲಿ ಎಲ್ಲ ಸೇರಿ 12,680 ರೂಪಾಯಿ. ಇದರಲ್ಲಿ ಅಲೆನ್ ಸ್ಕ್ಯೂವರಿನ 480, ಲೇತಿನ 150 ನಾನು ಅಳೆಯದೆ ಕೊಂಡಿದ್ದಕ್ಕೆ ಹೋದ ದುಡ್ಡು. ನೀವು ಕೊಳ್ಳುವ ಮುಂಚೆ ಒಂದು ವರ್ನಿಯರ್ ಕ್ಯಾಲಿಪರ್ ಸಾಲ ತಂದಾದರೂ ಅಳೆಯಿರಿ, ಆಕ್ಸಲ್ ಟೊಳ್ಳಾ ಗಟ್ಟಿಯಾ, ಲಾಕ್‌ನಟ್ ನಡುವೆ ಎಷ್ಟು, ಆಕ್ಸಲ್ ಎಷ್ಟು ಚಾಚಿದೆ, ಡ್ರಾಪ್‌ಔಟ್ ಎಷ್ಟು ದಪ್ಪ. ಹಳೇ ಹೀರೋ, ಅಟ್ಲಾಸ್, ಬಿಎಸ್‌ಎ ಸೈಕಲ್ ಇರುವವರಲ್ಲಿ ಹೆಚ್ಚಿನವರದ್ದು ಗಟ್ಟಿ ಆಕ್ಸಲ್, ಹೊರಗೆ ನಟ್ಟು. ಅದಕ್ಕೆ ಸ್ಕ್ಯೂವರ್ ಹೋಗುವುದೇ ಇಲ್ಲ, ಬೀಗದ ನಟ್ಟು ಅಂತ ಬೇರೆ ಬರುತ್ತದೆ, ಅದನ್ನು ಆಕ್ಸಲ್ಲಿನ ದಪ್ಪ ಮತ್ತು ಥ್ರೆಡ್ ನೋಡಿ ಕೊಳ್ಳಬೇಕು.

ಹಾಕಿದ ಒಂದು ವಾರದ ನಂತರ, ಸುಮಾರು 50 ಕಿಲೋಮೀಟರ್ ಓಡಿಸಿದ ಮೇಲೆ, ಮತ್ತೊಮ್ಮೆ ಕೀಲಿ ಹಾಕಿ ನೋಡಿದೆ. ಮುಂದಿನದು ಹಾಗೇ ಇತ್ತು, ಹಿಂದಿನದು ಕಾಲು ಸುತ್ತು ಬಿಗಿಯಾಯಿತು. ಅದಾದ ಮೇಲೆ ಅಲ್ಲಾಡಿಲ್ಲ.

ಕೀಲಿಯ ವಿಷಯ ಒಂದು ಹೇಳಬೇಕು. ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಕಡೆ ಹೋಗಿದ್ದಾಗ ಹಿಂದಿನ ಟೈರು ಪಂಕ್ಚರ್ ಆಯಿತು. ಪಂಪು ಇತ್ತು, ಪ್ಯಾಚು ಇತ್ತು, ಕೀಲಿ ಮನೆಯಲ್ಲಿತ್ತು. ಚಕ್ರ ಬಿಚ್ಚದೆಯೇ ಟೈರನ್ನು ಒಂದು ಕಡೆ ಎಬ್ಬಿಸಿ, ಟ್ಯೂಬನ್ನು ಹೊರಗೆ ಎಳೆದು, ರಸ್ತೆ ಬದಿಯಲ್ಲಿ ಬಿಸಿಲಲ್ಲಿ ಕೂತು ತೂತು ಹುಡುಕಿ ಪ್ಯಾಚ್ ಹಾಕಿದೆ. ಹಾಗೂ ಆಗುತ್ತದೆ, ಆದರೆ ಟ್ಯೂಬು ಹರಿದಿದ್ದರೆ ಬದಲಿಸಲು ಆಗುತ್ತಿರಲಿಲ್ಲ. ಈಗ ಒಂದು ಕೀಲಿ ಮನೆ ಬೀಗದ ಕೈಗೊಂಚಲಲ್ಲೇ ಇದೆ, ಅದಿಲ್ಲದೆ ಮನೆಯಿಂದ ಹೊರಡಲು ಆಗದ ಹಾಗೆ. ಕೋಡ್ ಬರೆದ ಕಾರ್ಡಿನ ಫೋಟೋ ಫೋನಿನಲ್ಲಿದೆ, ಕಾರ್ಡು ಮಾವನ ಬಿಸ್ಕೆಟ್ ಡಬ್ಬಿಯಲ್ಲಿದೆ. ಎರಡೂ ಕೀಲಿ ಹೋದರೆ ಆ ಕೋಡ್ ಇಲ್ಲದೆ ಹೊಸದು ಮಾಡಿಸಲು ಆಗುವುದಿಲ್ಲ.

ಬೀಗದ ಸ್ಕ್ಯೂವರ್ ಚಕ್ರವನ್ನು ಫ್ರೇಮಿಗೆ ಹಿಡಿದಿಡುತ್ತದೆ, ಫ್ರೇಮನ್ನು ಕಂಬಿಗೆ ಅಲ್ಲ. ಫ್ರೇಮಿಗೆ ಬೇರೆ ಬೀಗ ಬೇಕೇ ಬೇಕು. ಸೀಟಿಗೂ ಕ್ವಿಕ್ ರಿಲೀಸ್ ಇದ್ದರೆ ಅದನ್ನೂ ತೆಗೆಸಿ ಬೋಲ್ಟು ಹಾಕಿಸಿ.

ಇನ್ನೊಂದು ಕೀಲಿಯನ್ನು ಅತ್ತೆಗೆ ಕೊಟ್ಟಿದ್ದೇನೆ. ಯಾಕೆ ನನಗೆ ಅಂದರು. ಕಳೆದರೆ ನಿಮ್ಮ ಹತ್ತಿರ ಇರಲಿ ಅಂದೆ. ದೇವರ ಮನೆಯ ಗೋಡೆಯಲ್ಲಿ ಮಾವನ ಸ್ಕೂಟರ್ ಕೀಲಿ ತೂಗುಹಾಕುತ್ತಿದ್ದ ಮೊಳೆ ಖಾಲಿ ಇತ್ತು, ಅದಕ್ಕೆ ಸಿಕ್ಕಿಸಿದರು.